ಮನೆಯ ಅಟ್ಟದಿಂದ ಹೆದ್ದಾರಿಯ ಬದಿಗೆ

ಹಳೆಯ ವಸ್ತುಗಳನ್ನು ಕೂಡಿಡುವ ಹವ್ಯಾಸ ಅರಮನೆಗಳಿಗೂ ಸಿರಿವಂತರಿಗೂ ಸೇರಿದ್ದು ಎಂಬ ತಿಳಿವಳಿಕೆ ನಮ್ಮಲ್ಲಿ ಬಹುಕಾಲದಿಂದ ಬೆಳೆದುಬಂದಿದೆ. ಕತ್ತಿ, ಕಠಾರಿ, ದಂತದ ಕುರ್ಚಿ, ಬೆಳ್ಳಿಯ ಹರಿವಾಣ, ಇಂಥವು ಗಾಜಿನ ಹಿಂದೆ ನಿಂತರೆ ಅದು ಚರಿತ್ರೆ. ಒಲೆಯ ಪಕ್ಕದಲ್ಲಿ ಮಸಿ ಹಿಡಿದು ಕುಳಿತ ಹಿತ್ತಾಳೆಯ ಸೇರು ಮಾತ್ರ ಬರಿಯ ಸಾಮಾನು. ಪಾತ್ರೆಯವನು ಬಂದಾಗ ಹೊಸ ಸ್ಟೀಲು ಪಾತ್ರೆಗೆ ಬದಲಾಗಿ ತೂಕಕ್ಕೆ ಹೋಗುವಂಥದ್ದು. ಹೈದರಾಬಾದಿನ ಮೂರನೆಯ ಸಾಲಾರ್ ಜಂಗ್ ೧೯೪೯ರಲ್ಲಿ ತೀರಿಕೊಂಡಾಗ ಅವರಿಗೆ ಮಕ್ಕಳಿರಲಿಲ್ಲ. ದೇಶವಿದೇಶಗಳಿಂದ ಅವರು ಕೊಂಡು ತಂದು ತುಂಬಿದ್ದ ವಸ್ತುಗಳನ್ನು ೧೯೫೧ರಲ್ಲಿ ಅವರ ಅರಮನೆಯಲ್ಲಿಯೇ ಜನರ ನೋಟಕ್ಕೆ ತೆರೆದರು. ಸಂಗ್ರಹವೆಂದರೆ ಹೀಗಿರಬೇಕು ಎಂದು ಅದನ್ನು ನೋಡಿ ಬಂದವರೆಲ್ಲ ಹೇಳುತ್ತಾರೆ. ಅದು ನೋಡತಕ್ಕದ್ದೇ, ಅನುಮಾನವಿಲ್ಲ. ಆದರೆ ಅಲ್ಲಿ ಹೈದರಾಬಾದಿನ ಒಬ್ಬ ಸಾಮಾನ್ಯ ಗೃಹಿಣಿ ಏನನ್ನು ಯಾವುದರಲ್ಲಿ ಅಳೆದು ಅಟ್ಟುತ್ತಿದ್ದಳು ಎಂದು ಹುಡುಕಹೊರಟವನಿಗೆ ಕಾಲು ನೋಯುವುದೇ ಲಾಭ.

ನಾನು ಈ ಮಾತನ್ನು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ತಾಲ್ಲೂಕುಗಳ ಸೀಮೆಯಲ್ಲಿ ನಿಂತು ಆಡುತ್ತಿದ್ದೇನೆ. ಇಲ್ಲಿ ಅರಮನೆಯ ವೈಭವವನ್ನು ಕೂಡಿಡುವವನಿಗೆ ಸಿಕ್ಕುವುದು ಸ್ವಲ್ಪ. ಮಾಗಡಿಯ ಕೆಂಪೇಗೌಡರ ವಂಶದ ಆಳ್ವಿಕೆ ೧೭೨೮ರಲ್ಲಿ ಮೈಸೂರಿನವರ ಕೈಯಿಂದ ಮುಗಿಯಿತು. ಸಾವನದುರ್ಗವನ್ನು ೧೭೯೧ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಹಿಡಿಯಿತು. ಆ ಸೈನ್ಯದ ಜೊತೆಗೆ ಬಂದಿದ್ದ ರಾಬರ್ಟ್ ಹೋಮ್ ಎಂಬ ಚಿತ್ರಕಾರ ಬರೆದ ನಮ್ಮ ಬೆಟ್ಟದ ಚಿತ್ರಗಳು ೧೭೯೪ರಲ್ಲಿ ಪುಸ್ತಕವಾಗಿ ಅಚ್ಚಾದವು. ಇಂದು ಅದರ ಹಾಳೆಗಳನ್ನು ಬಿಡಿಬಿಡಿಯಾಗಿ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಕೊಳ್ಳುವ ಸಂಗ್ರಾಹಕರಿದ್ದಾರೆ. ಅಂತೂ ನಮ್ಮ ದುರ್ಗ ನಮ್ಮಲ್ಲಿ, ಅದರ ಚಿತ್ರ ಪರರ ನಡುಮನೆಯಲ್ಲಿ. ನಮಗೆ ಉಳಿದದ್ದು ಒಕ್ಕಲುಮನೆಯ ಸಾಮಾನು. ಅದನ್ನೇ ಚರಿತ್ರೆಯೆಂದು ತಿಳಿದು, ಆಯ್ದು, ಊರಮುಂದೆ ಇಟ್ಟು ತೋರಿಸಿದವರು ಎಚ್. ಎಲ್. ನಾಗೇಗೌಡರು.

ನಾಗೇಗೌಡರು ನಮ್ಮ ಸೀಮೆಯವರಲ್ಲ. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ ೧೯೧೫ರಲ್ಲಿ ಹುಟ್ಟಿದರು. ಸರ್ಕಾರದ ದೊಡ್ಡ ಅಧಿಕಾರಿಯಾಗಿ ಊರೂರು ತಿರುಗಿದರು. ಅಧಿಕಾರಿಗಳು ಪ್ರವಾಸ ಹೋದ ಕಡೆಯಿಂದ ಏನೇನೋ ತರುತ್ತಾರೆ; ಇವರು ಹಾಡುಗಳನ್ನು ತಂದರು, ಕಥೆಗಳನ್ನು ತಂದರು, ಆಮೇಲೆ ಗೊಂಬೆ, ಮುಖವಾಡ, ಮೊರ, ಒನಕೆಗಳನ್ನು ತಂದರು. ಒಬ್ಬ ಹೆಣ್ಣುಮಗಳ ಬಾಯಿಂದ ಕೇಳಿದ ಪದಗಳನ್ನು ಪುಸ್ತಕ ಮಾಡಿದಾಗ ಅದಕ್ಕೆ ‘ಸೋಬಾನೆ ಚಿಕ್ಕಮ್ಮನ ಪದಗಳು’ ಎಂದೇ ಹೆಸರಿಟ್ಟರು. ಹಾಡಿದವಳ ಹೆಸರನ್ನು ಹೊದಿಕೆಯ ಮೇಲೆ ತಂದ ಈ ಒಂದು ಸಂಗತಿಯಲ್ಲಿ ಅವರ ಸಂಗ್ರಹದ ಧರ್ಮವೆಲ್ಲ ಇದೆಯೆಂದು ನನಗೆ ತೋರುತ್ತದೆ. ವಸ್ತುವನ್ನು ತಂದವನು ದೊಡ್ಡವನಲ್ಲ, ಬಳಸಿದವನು ದೊಡ್ಡವನು. ನಿವೃತ್ತರಾದ ಮೇಲೆ ೧೯೭೯ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿದರು. ಬೆಂಗಳೂರು ಮೈಸೂರು ರಸ್ತೆಯಲ್ಲಿ, ರಾಮನಗರಕ್ಕೂ ಚನ್ನಪಟ್ಟಣಕ್ಕೂ ನಡುವೆ ಹದಿನೈದು ಎಕರೆ ಜಾಗದಲ್ಲಿ, ೧೯೯೪ರಲ್ಲಿ ಜಾನಪದ ಲೋಕ ಬಾಗಿಲು ತೆರೆಯಿತು. ಆಗ ಅವರಿಗೆ ಎಪ್ಪತ್ತೊಂಬತ್ತು ವರ್ಷ. ಆ ವಯಸ್ಸಿನಲ್ಲಿ ಬಹಳ ಮಂದಿ ತಮ್ಮ ಸಂಗ್ರಹ ಯಾವ ಮಗನ ಪಾಲಿಗೆ ಹೋಗಬೇಕೆಂದು ಯೋಚಿಸುತ್ತಿರುತ್ತಾರೆ.

ಇಂಥ ಹುಚ್ಚಿನವರು ಬೇರೆ ದೇಶಗಳಲ್ಲಿಯೂ ಆಗಿಹೋಗಿದ್ದಾರೆ. ಸ್ವೀಡನ್ನಿನ ಆರ್ತುರ್ ಹಜೇಲಿಯಸ್ ಎಂಬಾತ ಹಳ್ಳಿಗಾಡಿನಲ್ಲಿ ತಿರುಗುವಾಗ ರೈತರ ಹಳೆಯ ಉಡುಪು, ಪೀಠೋಪಕರಣ ಎಲ್ಲವೂ ಕಣ್ಣೆದುರಿಗೇ ಮರೆಯಾಗುತ್ತಿರುವುದನ್ನು ಕಂಡು ಅವನ್ನು ಕೊಳ್ಳತೊಡಗಿದ. ೧೮೭೩ರಲ್ಲಿ ಸ್ಟಾಕ್‌ಹೋಮಿನಲ್ಲಿ ಪ್ರದರ್ಶನಕ್ಕಿಟ್ಟ. ಅದು ಸಾಲದೆಂದು ೧೮೯೧ರಲ್ಲಿ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ಜೋಡಿಸಿ ಸ್ಕಾನ್ಸೆನ್ ಎಂಬ ಬಯಲು ವಸ್ತುಸಂಗ್ರಹಾಲಯವನ್ನು ಮಾಡಿದ. ನಮ್ಮ ಪಕ್ಕದ ಪುಣೆಯಲ್ಲಿ ದಿನಕರ ಕೇಳ್ಕರ್ ಎಂಬ ಮರಾಠಿ ಕವಿ, ಚಿಕ್ಕಂದಿನಲ್ಲಿಯೇ ತೀರಿಕೊಂಡ ರಾಜಾ ಎಂಬ ತಮ್ಮ ಮಗನ ನೆನಪಿಗೆ ದೀಪ, ಅಡಕೊತ್ತು, ಮಸಿಕುಡಿಕೆ, ಅಡುಗೆಮನೆಯ ಪಾತ್ರೆ ಪದಾರ್ಥಗಳನ್ನು ಜೀವಮಾನವೆಲ್ಲ ಕೂಡಿಸಿ ಸಾರ್ವಜನಿಕರಿಗೆ ಒಪ್ಪಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯಕ್ಕಾಗಿ ಕಲಾವಿದ ಪಿ. ಆರ್. ತಿಪ್ಪೇಸ್ವಾಮಿಯವರು ಹಳ್ಳಿಹಳ್ಳಿ ಅಲೆದದ್ದೂ ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಬೀಳುವ ಮನೆಗಳನ್ನು ಎತ್ತಿ ತಂದು ನಿಲ್ಲಿಸಿದ್ದೂ ಇದೇ ಜಾತಿಯ ಕೆಲಸ. ಇವರೆಲ್ಲರೂ ಕೊಳ್ಳುವಾಗ ಪೈಪೋಟಿಗೆ ಯಾರೂ ಇರಲಿಲ್ಲ. ಇವರ ನಿಜವಾದ ಎದುರಾಳಿ ಹಳೆಯ ಸಾಮಾನಿನ ಅಂಗಡಿಯವನು.

ಜಾನಪದ ಲೋಕದಲ್ಲಿ ಲೋಕಮಹಲು, ಚಿತ್ರಕುಟೀರ, ಶಿಲ್ಪಮಾಳ, ಆಯಗಾರಮಾಳ ಎಂದು ಹಲವು ವಿಭಾಗಗಳಿವೆ. ತೊಗಲುಗೊಂಬೆಗಳನ್ನೂ ಸೋಮನ ಮುಖವಾಡಗಳನ್ನೂ ಹುಡುಗರು ಕಣ್ಣರಳಿಸಿ ನೋಡುತ್ತಾರೆ. ಅವು ತಮ್ಮನ್ನು ತಾವೇ ತೋರಿಸಿಕೊಳ್ಳಬಲ್ಲವು, ನನ್ನ ಶಿಫಾರಸು ಬೇಡ. ನಾನು ಹೋದಾಗಲೆಲ್ಲ ಹೆಚ್ಚು ಹೊತ್ತು ನಿಲ್ಲುವುದು ಲೋಕಮಾತಾ ಮಂದಿರದಲ್ಲಿ. ಹೆಂಗಸರ ಕೈಯಲ್ಲಿ ಸವೆದ ವಸ್ತುಗಳಿಗೇ ಒಂದು ಮನೆ ಅದು. ಬೀಸುವ ಕಲ್ಲು, ಒರಳು, ಒನಕೆ, ಮೊರ, ಕಡೆಗೋಲು, ಗಡಿಗೆ, ಬಳ್ಳ. ಇವನ್ನಿಟ್ಟ ಮನೆಗೆ ಮಂದಿರವೆಂದು ಹೆಸರಿಟ್ಟದ್ದನ್ನು ಕೆಲವರು ಅತಿಯಾಯಿತೆಂದು ನಕ್ಕದ್ದನ್ನು ಕೇಳಿದ್ದೇನೆ. ಅಂಥವರು ಒಂದು ದಿನ, ಪಟ್ಟಣದ ಸ್ಕೂಲಿನ ಮಕ್ಕಳ ಬದಲು ಹಳ್ಳಿಯಿಂದ ಬಂದ ಒಂದು ಕುಟುಂಬದ ಹಿಂದೆ ನಡೆದು ನೋಡಬೇಕು. ಅಜ್ಜಿ ಬೀಸುವ ಕಲ್ಲಿನ ಮುಂದೆ ನಿಂತು ಮೊಮ್ಮಗಳಿಗೆ ಹೇಳುತ್ತಾಳೆ: ಗೂಟವನ್ನು ಹಿಡಿಯುವುದು ಹೀಗೆ, ಎದುರಿಗೆ ಇನ್ನೊಬ್ಬಳು ಕೂತರೆ ತೋಳಿಗೆ ಇಷ್ಟು ಹಗುರ, ರಾಗಿಯನ್ನು ಬಾಯಿಗೆ ಹಾಕುವುದು ಎಡಗೈಯಿಂದ, ಎಷ್ಟು ಸುತ್ತಿಗೆ ಒಂದು ಹಿಡಿ. ಇದಾವುದೂ ಗೋಡೆಯ ಮೇಲಿನ ಚೀಟಿಯಲ್ಲಿ ಇಲ್ಲ. ಆ ಮನೆಗೆ ಬರುವವರೇ ಅದರ ಪಂಡಿತರು. ಅರಮನೆಯ ವಸ್ತುಗಳ ಮುಂದೆ ಇಂಥದು ನಡೆಯುವುದಿಲ್ಲ. ಅಲ್ಲಿ ನೋಡುವವನಿಗೆ ಹೇಳಲು ಏನೂ ಇರುವುದಿಲ್ಲ, ಕೇಳುವುದಷ್ಟೇ.

ಆದರೆ ಈ ಪಂಡಿತರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ. ವಸ್ತು ಉಳಿದು ಮಾತು ಹೋದರೆ ಏನಾಗುತ್ತದೆ ಎಂಬುದಕ್ಕೆ ಅಳತೆಯ ಪಾತ್ರೆಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ನನ್ನ ಮನೆಯ ಬೀರುವಿನಲ್ಲಿ ಇಪ್ಪತ್ತಕ್ಕೆ ಕಡಿಮೆಯಿಲ್ಲದಷ್ಟು ಅಳತೆಗಳಿವೆ: ಪಾವು, ಅಚ್ಚೇರು, ಸೇರು, ಬಳ್ಳ, ಕೊಳಗ. ಹಿತ್ತಾಳೆಯವು ಕೆಲವು, ಕಬ್ಬಿಣದವು ಕೆಲವು, ಬಿದಿರಿನ ಒಂದು ಗೆಣ್ಣನ್ನು ಕತ್ತರಿಸಿ ಮಾಡಿದ್ದು ಒಂದು. ಒಂದರ ಸೇರು ಇನ್ನೊಂದರ ಸೇರಲ್ಲ. ಕಚ್ಚಾ ಸೇರು, ಪಕ್ಕಾ ಸೇರು ಎಂಬ ಭೇದ ಒಂದು; ಊರಿಂದೂರಿಗೆ ಬದಲಾಗುವುದು ಇನ್ನೊಂದು; ಸಾಹುಕಾರ ಕೊಡುವಾಗಿನ ಕೊಳಗಕ್ಕೂ ಹಿಂದಕ್ಕೆ ತೆಗೆದುಕೊಳ್ಳುವಾಗಿನ ಕೊಳಗಕ್ಕೂ ವ್ಯತ್ಯಾಸವಿತ್ತೆಂದು ಹಳಬರು ಆಡಿಕೊಳ್ಳುವುದು ಮೂರನೆಯದು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಖಂಡುಗವೆಂದರೆ ಧಾನ್ಯದ ಅಳತೆಯೂ ಹೌದು, ಅಷ್ಟು ಬೀಜ ಬಿತ್ತುವ ನೆಲದ ಅಳತೆಯೂ ಹೌದು. ನಮ್ಮ ತಾತಂದಿರು ‘ಎರಡು ಖಂಡುಗ ಗದ್ದೆ’ ಎಂದಾಗ ಅವರ ಕಣ್ಣೆದುರಿಗೆ ಬರುತ್ತಿದ್ದುದು ಚದರಡಿಯಲ್ಲ, ಬೀಜದ ರಾಶಿ. ೧೯೫೬ರಲ್ಲಿ ತೂಕ ಮತ್ತು ಅಳತೆಗಳ ಕಾಯಿದೆ ಬಂದು, ೧೯೫೮ರಿಂದ ಹಂತಹಂತವಾಗಿ ಕಿಲೋಗ್ರಾಂ, ಲೀಟರುಗಳು ಸಂತೆಗೆ ಇಳಿದವು. ಒಳ್ಳೆಯದೇ ಆಯಿತು, ಬಡವನಿಗೆ ಒಂದೇ ಅಳತೆಯಾಯಿತು. ಆದರೆ ಬೀರುವಿನಲ್ಲಿರುವ ಕೊಳಗ ಯಾವ ಊರಿನದು ಎಂದು ಬರೆದಿಡದೆ ಹೋದರೆ ಅದು ಅಳೆಯುವುದು ಏನನ್ನೂ ಅಲ್ಲ. ಅದೊಂದು ತೂತಿಲ್ಲದ ಡಬ್ಬಿ.

ಈ ಕಾರಣಕ್ಕಾಗಿಯೇ ನಾನು ವಸ್ತುವಿಗಿಂತ ಮೊದಲು ಒಂದು ವಹಿಯನ್ನು ಇಟ್ಟುಕೊಂಡೆ. ವಸ್ತು ಬಂದ ದಿನವೇ ಊರು, ಕೊಟ್ಟ ಮನೆ, ಆ ಮನೆಯಲ್ಲಿ ಅದಕ್ಕೆ ಹೇಳುವ ಹೆಸರು, ಕಡೆಯ ಸಲ ಬಳಸಿದ್ದು ಯಾವಾಗ, ಇಷ್ಟನ್ನು ಬರೆಯುತ್ತೇನೆ. ನಮ್ಮ ನಾಲ್ಕು ತಾಲ್ಲೂಕುಗಳ ಒಳಗೇ ಒಂದು ಸಾಮಾನಿಗೆ ಮೂರು ಹೆಸರುಗಳಿರುವುದುಂಟು. ವರ್ಷಕ್ಕೊಮ್ಮೆ ನವರಾತ್ರಿಯಲ್ಲಿ ಬೊಂಬೆಗಳ ಮೆಟ್ಟಿಲ ಪಕ್ಕದಲ್ಲಿ ಇವನ್ನೂ ಜೋಡಿಸಿ ಕೇರಿಯವರಿಗೆಲ್ಲ ತೋರಿಸುವ ಪದ್ಧತಿ ಮಾಡಿಕೊಂಡಿದ್ದೇನೆ. ಬೊಂಬೆ ನೋಡಲು ಬಂದವರು ಸೇರು ಪಾವುಗಳ ಮುಂದೆ ನಿಂತು ಜಗಳವಾಡುವುದು ನನಗೆ ಹಬ್ಬದ ಊಟಕ್ಕಿಂತ ರುಚಿ. ಪ್ರತಿವರ್ಷವೂ ವಹಿಗೆ ನಾಲ್ಕಾರು ಸಾಲು ಹೆಚ್ಚುತ್ತದೆ.

ಯಾವುದನ್ನು ತರಬೇಕೆಂಬುದರಷ್ಟೇ ಮುಖ್ಯವಾದದ್ದು ಯಾವುದನ್ನು ತರಬಾರದೆಂಬುದು. ಈಚೀಚೆಗೆ ಊರಾಚೆಯ ವೀರಗಲ್ಲು, ಮಾಸ್ತಿಕಲ್ಲುಗಳನ್ನು ಎತ್ತಿ ತಂದು ಕೈತೋಟದಲ್ಲಿ ಹುಲ್ಲುಹಾಸಿನ ನಡುವೆ ನಿಲ್ಲಿಸಿಕೊಳ್ಳುವ ಷೋಕಿ ಬೆಳೆಯುತ್ತಿದೆ. ನನ್ನ ಮಟ್ಟಿಗೆ ಇದು ಸಂಗ್ರಹವಲ್ಲ, ಸೂರೆ. ರಸ್ತೆ ಅಗಲಿಸುವಾಗ, ಕೆರೆಯ ಏರಿ ಕೆಡವುವಾಗ ದಿಕ್ಕಿಲ್ಲದೆ ಬಿದ್ದ ಕಲ್ಲಿಗೆ ಜಾನಪದ ಲೋಕದ ಶಿಲ್ಪಮಾಳದಂಥ ಸಾರ್ವಜನಿಕ ಜಾಗ ಆಶ್ರಯ ಕೊಟ್ಟರೆ ಅದು ಬೇರೆ ಮಾತು. ನಿಂತಿರುವ ಕಲ್ಲು ನಿಂತಲ್ಲಿಯೇ ಇರಬೇಕು. ತುರುಗಳನ್ನು ಬಿಡಿಸಲು ಹೋಗಿ ಸತ್ತವನ ಕಲ್ಲು ಆ ಬೆಟ್ಟದ ದಾರಿಯಲ್ಲಿದ್ದರೆ ತಾನೆ ಆ ದಾರಿಗೆ ಅರ್ಥ?

ಮಾಗಡಿ ತಾಲ್ಲೂಕಿನ ಕೆಂಪಾಪುರದ ಸಂಗತಿಯನ್ನು ನೋಡಿ. ಬೆಂಗಳೂರನ್ನು ೧೫೩೭ರಲ್ಲಿ ಕಟ್ಟಿದ ಹಿರಿಯ ಕೆಂಪೇಗೌಡರು ಎಲ್ಲಿ ಮಣ್ಣಾದರು ಎಂಬುದು ನಾಲ್ಕು ಶತಮಾನಗಳಿಗೂ ಮೀರಿ ಓದುಬರಹದ ಲೋಕಕ್ಕೆ ಮರೆತೇಹೋಗಿತ್ತು. ಕೆಂಪಾಪುರದಲ್ಲಿ ಒಂದು ಹಳೆಯ ಮಂಟಪ ಮಳೆಬಿಸಿಲಿಗೆ ಮೈಯೊಡ್ಡಿ ನಿಂತಿತ್ತು. ಊರವರು ಅದನ್ನು ಹಾದು ಹೊಲಕ್ಕೆ ಹೋಗುತ್ತಿದ್ದರು. ೨೦೧೫ರಲ್ಲಿ ಇತಿಹಾಸಾಸಕ್ತರು ಅಲ್ಲಿನ ಶಾಸನವನ್ನು ಓದಿ, ಅದು ಹಿರಿಯ ಕೆಂಪೇಗೌಡರ ಸಮಾಧಿಯೆಂದು ಗುರುತಿಸಿದರು. ಆಮೇಲೆ ಸರ್ಕಾರ ಬಂತು, ಮಂತ್ರಿಗಳು ಬಂದರು, ಯೋಜನೆಗಳು ಬಂದವು. ಅದಿರಲಿ. ಆ ಅಕ್ಷರಗಳಿದ್ದ ಕಲ್ಲನ್ನು ಅದಕ್ಕೂ ಮೊದಲೇ ನನ್ನಂಥ ಒಬ್ಬ ಹವ್ಯಾಸಿ ಚೆನ್ನಾಗಿದೆಯೆಂದು ಬಿಡಿಸಿ ಮನೆಗೆ ಒಯ್ದಿದ್ದರೆ? ಕಲ್ಲು ಉಳಿಯುತ್ತಿತ್ತು, ಮಂಟಪವೂ ಉಳಿಯುತ್ತಿತ್ತು, ಎರಡೂ ಮೂಕವಾಗಿರುತ್ತಿದ್ದವು. ಯಾರೂ ಕೂಡಿಡದೆ ಹೋದದ್ದರಿಂದಲೇ ಉಳಿದ ಚರಿತ್ರೆ ಇದು. ರೈಸ್ ಸಾಹೇಬರು ನಮ್ಮ ಈ ತಾಲ್ಲೂಕುಗಳ ಶಾಸನಗಳನ್ನೆಲ್ಲ ೧೯೦೫ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಅಚ್ಚುಹಾಕಿಸಿದರು. ಕಲ್ಲನ್ನು ಅಲ್ಲಿಯೇ ಬಿಟ್ಟು ಅಕ್ಷರವನ್ನು ಮಾತ್ರ ಮನೆಗೆ ತಂದ ಆ ಸಂಗ್ರಹ ನಮಗೆಲ್ಲ ಮೇಲ್ಪಂಕ್ತಿ.

ಕಾನೂನೂ ಈ ವಿಷಯದಲ್ಲಿ ಸುಮ್ಮನೆ ಕುಳಿತಿಲ್ಲ. ನೆಲದಡಿ ಸಿಕ್ಕಿದ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾಯಿದೆ ೧೮೭೮ರಷ್ಟು ಹಳೆಯದು. ೧೯೭೨ರ ಪ್ರಾಚ್ಯವಸ್ತು ಕಾಯಿದೆ ೧೯೭೬ರಲ್ಲಿ ಜಾರಿಗೆ ಬಂತು. ನೂರು ವರ್ಷಕ್ಕೆ ಮೇಲ್ಪಟ್ಟ ವಸ್ತು ಅದರ ಲೆಕ್ಕದಲ್ಲಿ ಪ್ರಾಚ್ಯವಸ್ತು, ಹಸ್ತಪ್ರತಿ ಮೊದಲಾದವುಗಳಿಗೆ ಎಪ್ಪತ್ತೈದು ವರ್ಷ ಸಾಕು. ಶಿಲ್ಪ, ಚಿತ್ರ ಮುಂತಾದ ಕೆಲವು ವರ್ಗದ ವಸ್ತುಗಳನ್ನು ಮನೆಯಲ್ಲಿಟ್ಟುಕೊಂಡವರು ನೋಂದಾಯಿಸಿಕೊಳ್ಳಬೇಕು. ಮನೆಯ ಸಂಗ್ರಹವನ್ನು ಜನರಿಗೆ ತೋರಿಸಬೇಕೆನ್ನುವವರು ಇದನ್ನು ಮೊದಲೇ ತಿಳಿದಿರುವುದು ಕ್ಷೇಮ.

ಇನ್ನು, ಯಾರ ಸಂಗ್ರಹದಲ್ಲಿಯೂ ಇಲ್ಲದ ವಸ್ತುಗಳ ಮಾತು. ಚನ್ನಪಟ್ಟಣವೆಂದ ಕೂಡಲೇ ಎಲ್ಲರೂ ಬೊಂಬೆ ಎನ್ನುತ್ತಾರೆ. ಆಲೆ ಮರವನ್ನು ಕಡೆದು, ತಿರುಗುವಾಗಲೇ ಅರಗಿನ ಬಣ್ಣ ಹಿಡಿಸಿ, ತಾಳೆಗರಿಯಿಂದ ಉಜ್ಜಿ ಹೊಳಪು ತರುವ ಆ ಕಸುಬನ್ನು ಟಿಪ್ಪುವಿನ ಕಾಲಕ್ಕೆ ಒಯ್ಯುವುದು ವಾಡಿಕೆ. ೧೮೦೦ರಲ್ಲಿ, ಟಿಪ್ಪು ಮಡಿದ ಮರುವರ್ಷ, ಫ್ರಾನ್ಸಿಸ್ ಬುಕಾನನ್ ಈ ದಾರಿಯಲ್ಲಿ ಬಂದಾಗ ಚನ್ನಪಟ್ಟಣದ ಬಗೆಗೆ ವಿಶೇಷವಾಗಿ ಬರೆದದ್ದು ಇನ್ನೊಂದು ಕಸುಬನ್ನು: ವಾದ್ಯಗಳಿಗೆ ಕಟ್ಟುವ ಉಕ್ಕಿನ ತಂತಿ. ನಮ್ಮೂರಿನ ಕುಲುಮೆಯಲ್ಲಿ ಎಳೆದ ತಂತಿ ದೂರದೂರದ ವಾದ್ಯಗಳಲ್ಲಿ ನುಡಿಯುತ್ತಿತ್ತು. ಆಮೇಲಿನ ಗ್ಯಾಸೆಟಿಯರುಗಳೂ ಅದನ್ನು ಹೇಳುತ್ತವೆ. ಚನ್ನಪಟ್ಟಣದ ಹಳೆಯ ಕೇರಿಗಳಲ್ಲಿ ಈ ತಂತಿಗಾಗಿ ನಾನು ಮಾಡಿದಷ್ಟು ವಿಚಾರಣೆಯನ್ನು ಹೆಣ್ಣು ಕೊಡುವವರೂ ಮಾಡಿರಲಾರರು. ಒಂದು ಸುರುಳಿ ತಂತಿಯಾಗಲಿ, ತಂತಿಯೆಳೆಯುವ ಅಚ್ಚಾಗಲಿ ನನಗೆ ಸಿಕ್ಕಿಲ್ಲ. ಬೊಂಬೆ ಕಣ್ಣಿಗೆ ಚೆಂದ, ಮಕ್ಕಳು ಎತ್ತಿಟ್ಟರು, ಅದರಿಂದ ಉಳಿಯಿತು. ತಂತಿ ವೀಣೆಯಲ್ಲಿ ಅಡಗಿ ನುಡಿದು ತುಂಡಾಯಿತು. ತುಂಡಾದದ್ದನ್ನು ಯಾರು ಇಡುತ್ತಾರೆ? ನವರಾತ್ರಿಯ ಪ್ರದರ್ಶನದಲ್ಲಿ ಆ ತಂತಿಗೆಂದೇ ಒಂದು ಖಾಲಿ ಮಣೆಯನ್ನು ಇಟ್ಟು, ಅದರ ಮೇಲೆ ಈ ಕಥೆಯನ್ನು ಬರೆದು ಹಾಕುತ್ತೇನೆ. ಅತಿ ಹೆಚ್ಚು ಪ್ರಶ್ನೆಗಳು ಬರುವುದು ಆ ಖಾಲಿ ಮಣೆಗೆ.

ಹೀಗೆಯೇ ಯಾರೂ ಇಡದ ಇನ್ನೊಂದು ವಸ್ತು ಕಾಗದ. ರಾಮನಗರಕ್ಕೆ ಒಮ್ಮೆ ಕ್ಲೋಸ್‌ಪೇಟೆ ಎಂದು ಹೆಸರಿತ್ತು, ಮೈಸೂರಿನ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸ್ ಎಂಬಾತನಿಂದ. ಊರು ಆ ಹೆಸರನ್ನು ಬಿಟ್ಟು ಎಷ್ಟೋ ಕಾಲವಾಯಿತು, ನಮ್ಮ ಬಂಡೆಗಳು ಮಾತ್ರ ಬಿಟ್ಟಿಲ್ಲ. ಭೂವಿಜ್ಞಾನಿಗಳು ಸುಮಾರು ಇನ್ನೂರೈವತ್ತು ಕೋಟಿ ವರ್ಷಗಳ ಈ ಶಿಲೆಯನ್ನು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಕನಕಪುರ ಹಳೆಯ ದಾಖಲೆಗಳಲ್ಲಿ ಕಾನಕಾನಹಳ್ಳಿ. ಜಿಲ್ಲೆಯ ಕಥೆ ಇನ್ನೂ ಸ್ವಾರಸ್ಯವಾದದ್ದು. ಬೆಂಗಳೂರು ಜಿಲ್ಲೆಯಲ್ಲಿದ್ದ ನಾವು ೧೯೮೬ರಲ್ಲಿ ಬೆಂಗಳೂರು ಗ್ರಾಮಾಂತರವಾದೆವು, ೨೦೦೭ರಲ್ಲಿ ರಾಮನಗರ ಜಿಲ್ಲೆಯಾದೆವು, ೨೦೨೫ರಲ್ಲಿ ಸರ್ಕಾರ ಬೆಂಗಳೂರು ದಕ್ಷಿಣವೆಂದು ಹೆಸರು ಬದಲಾಯಿಸಿತು. ಒಂದೇ ಮನೆಯಲ್ಲಿ ಕುಳಿತಿದ್ದ ಒಬ್ಬ ರೈತ ನಲವತ್ತು ವರ್ಷಗಳೊಳಗೆ ನಾಲ್ಕು ಜಿಲ್ಲೆಗಳ ಪ್ರಜೆಯಾದ. ಅವನ ಅದೇ ಮೂರು ಎಕರೆ ಹೊಲದ ಪಹಣಿ, ಕಂದಾಯದ ರಸೀತಿ, ಛಾಪಾ ಕಾಗದಗಳನ್ನು ಸಾಲಾಗಿ ಹಚ್ಚಿಟ್ಟರೆ, ಯಾವ ವಿವರಣೆಯೂ ಇಲ್ಲದೆ ಆಡಳಿತದ ಚರಿತ್ರೆ ಎದುರಿಗೆ ನಿಲ್ಲುತ್ತದೆ. ಇಂಥ ಒಂದು ಕಟ್ಟನ್ನು ದನದ ಕೊಟ್ಟಿಗೆಯ ಸೂರಿನಿಂದ ಇಳಿಸಿ ತಂದದ್ದು ನನ್ನ ಸಂಗ್ರಹದಲ್ಲಿದೆ. ಇಲಿ ತಿಂದ ಅಂಚುಗಳನ್ನು ಹಾಗೆಯೇ ಬಿಟ್ಟಿದ್ದೇನೆ.

ನಾಗೇಗೌಡರು ೨೦೦೫ರಲ್ಲಿ ತೀರಿಕೊಂಡರು. ಅವರ ಸಂಗ್ರಹ ಪರಿಷತ್ತಿನ ಕೈಯಲ್ಲಿದ್ದುದರಿಂದ ಚದುರಿಹೋಗಲಿಲ್ಲ. ಒಬ್ಬನ ಆಸ್ತಿಯನ್ನು ಸಂಸ್ಥೆಯ ಆಸ್ತಿಯಾಗಿ ಮಾಡಿಹೋಗುವ ದೂರದೃಷ್ಟಿ ಎಲ್ಲ ಸಂಗ್ರಾಹಕರಿಗೂ ಇರುವುದಿಲ್ಲ. ಅವರ ಇನ್ನೊಂದು ಜಾಣತನ, ಜಾಗದ ಆಯ್ಕೆ. ಮೈಸೂರಿಗೆ ಅರಮನೆ ನೋಡಲು ಹೊರಟ ಬಸ್ಸು ಊಟಕ್ಕೋ ಕಾಫಿಗೋ ನಿಲ್ಲುವ ದಾರಿಯಲ್ಲಿಯೇ ಒಕ್ಕಲುಮನೆಯ ಒನಕೆಯನ್ನು ನಿಲ್ಲಿಸಿದರು. ಕಾಲ ಆ ಲೆಕ್ಕವನ್ನು ಬದಲಾಯಿಸಿದೆ. ೨೦೨೩ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ರಾಮನಗರ, ಚನ್ನಪಟ್ಟಣಗಳೆರಡನ್ನೂ ಪಕ್ಕಕ್ಕೆ ಬಿಟ್ಟು ಹೋಗುತ್ತದೆ. ರಸ್ತೆಬದಿಯ ಬೊಂಬೆಯ ಅಂಗಡಿಯವರು ವ್ಯಾಪಾರ ಬಿದ್ದುಹೋಯಿತೆಂದು ಅಂದಿನಿಂದ ಹೇಳುತ್ತಲೇ ಇದ್ದಾರೆ. ಹಳೆಯ ರಸ್ತೆಯಲ್ಲಿರುವ ಜಾನಪದ ಲೋಕಕ್ಕೂ ಇನ್ನು ಮೇಲೆ ದಾರಿಹೋಕರು ತಾವಾಗಿ ಬರುವುದಿಲ್ಲ, ನೋಡಬೇಕೆಂದು ಮನಸ್ಸು ಮಾಡಿದವರು ಬರಬೇಕು. ಹಾಗೆ ಮನಸ್ಸು ಮಾಡುವವರು ಮೊದಲು ನಮ್ಮ ನಾಲ್ಕು ತಾಲ್ಲೂಕುಗಳಲ್ಲಿಯೇ ಹುಟ್ಟಬೇಕಾಗಿದೆ. ಬೆಂಗಳೂರಿನಿಂದ ಬಂದವರು ನೋಡಿದ ಲೋಕಮಾತಾ ಮಂದಿರವನ್ನು ರಾಮನಗರದಲ್ಲಿಯೇ ಬದುಕಿದ ಎಷ್ಟು ಮಂದಿ ನೋಡಿದ್ದಾರೆ ಎಂದು ಕೇಳಿದರೆ ಬರುವ ಉತ್ತರ ಅಷ್ಟು ಸುಖಕರವಾಗಿಲ್ಲ. ಊರಿನ ವಸ್ತುವನ್ನು ಊರಿನವರಿಗೆ ತೋರಿಸುವುದು ಪರದೇಶಿಗೆ ತೋರಿಸುವುದಕ್ಕಿಂತ ಕಷ್ಟ. ‘ಇದು ನಮ್ಮ ಮನೆಯಲ್ಲೂ ಇತ್ತು’ ಎಂದು ಹೇಳಿ ಮುಂದಕ್ಕೆ ಹೋಗಿಬಿಡುತ್ತಾರೆ. ಆ ಮಾತಿನಲ್ಲಿರುವ ‘ಇತ್ತು’ ಎಂಬುದರ ಮೇಲೆ ಅವರನ್ನು ಒಂದು ಗಳಿಗೆ ನಿಲ್ಲಿಸುವುದೇ ತೋರಿಸುವವನ ಕೆಲಸ.

ಕನಕಪುರದ ಕಡೆಯ ಒಂದು ಹಳ್ಳಿಯಿಂದ ಬಂದದ್ದು ನನ್ನ ವಹಿಯ ಈಚಿನ ಬಾಬತ್ತು. ರೇಷ್ಮೆಹುಳು ಹಣ್ಣಾದಾಗ ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆ. ಈಗ ಪ್ಲಾಸ್ಟಿಕ್ಕಿನವು ಬಂದಿರುವುದರಿಂದ ಇದು ಹಿತ್ತಲ ಗೋಡೆಗೆ ಒರಗಿತ್ತು. ಬಿದಿರಿನ ಸುರುಳಿಯ ಸಂದಿನಲ್ಲಿ ಹಳೆಯ ಬೆಳೆಯ ರೇಷ್ಮೆಯ ಎಳೆ ಇನ್ನೂ ಅಂಟಿಕೊಂಡಿದೆ. ಕೇಳಿದಾಗ ಮನೆಯ ಯಜಮಾನರು, ‘ತಗೊಂಡ್ಹೋಗಿ ಮೇಷ್ಟ್ರೆ, ದುಡ್ಡೇನು ಬೇಡ. ಆದ್ರೆ ಬೆಳೆ ಜಾಸ್ತಿಯಾಗಿ ಚಂದ್ರಿಕೆ ಸಾಲ್ದೆ ಬಂದ್ರೆ ಬಂದು ಈಸ್ಕೊಂಡ್ಹೋಗ್ತೀನಿ’ ಎಂದರು. ವಹಿಯಲ್ಲಿ ಊರು, ಮನೆ, ಹೆಸರುಗಳ ಕೆಳಗೆ ಈ ಕರಾರನ್ನೂ ಬರೆದುಕೊಂಡಿದ್ದೇನೆ.